ಮಾತು ಮುಗಿಯುವ ತನಕ ಕಾಯುವ ಪೆಟ್ಟಿಗೆ

ಬೆಳಗಿನ ಐದೂಕಾಲು. ಅಲ್ಜೀರಿಯಾದ ಓರಾನ್ ಪಟ್ಟಣದ ಎಲ್ ಹಮ್ರಿ ಓಣಿಯಲ್ಲಿ ಕಡಲೆಹಿಟ್ಟಿನ ಕರಂತಿಕಾ ಬೇಯಿಸುವವನ ಒಲೆ ಈಗಷ್ಟೇ ಹೊತ್ತಿಕೊಂಡಿದೆ. ಮೂರನೇ ಮಹಡಿಯ ಅಡುಗೆಮನೆಯಲ್ಲಿ ಅರವತ್ತೊಂದು ವರ್ಷದ ಯಮೀನಾ ಬೆನ್‌ಸಾಲಾ ನಮಾಜು ಮುಗಿಸಿ, ಕಾಫಿಗೆ ನೀರಿಟ್ಟು, ಮೇಜಿನ ಮೇಲಿನ ಬೂದುಬಣ್ಣದ ಹಳೇ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಪಕ್ಕದಲ್ಲಿ ಇಸ್ತ್ರಿ ಮಾಡುವ ಹಲಗೆ. ಅದರ ಮೇಲೆ ಎರಡು ಸಿಂಥಸೈಸರ್‌ಗಳು ಒಂದರ ಹಿಂದೊಂದು ಮಲಗಿವೆ. ಯಮೀನಾ ಕಿವಿಗೆ ಹೆಡ್‌ಫೋನ್ ಏರಿಸಿ ಫ್ಲಾಪಿ ತುರುಕುತ್ತಾರೆ. ಯಂತ್ರ ಗೊರಗೊರ ಎನ್ನುತ್ತದೆ.

"ಕೆಳಗಿನ ಮನೆಯವಳು ಏಳು ಗಂಟೆಗೆ ಬಟ್ಟೆ ಒಗೆಯೋ ಮಷೀನ್ ಹಾಕ್ತಾಳೆ. ಅದು ಸುತ್ತೋಕೆ ಶುರುವಾದ್ರೆ ಇಲ್ಲಿ ಕರೆಂಟು ಕುಗ್ಗುತ್ತೆ. ಕರೆಂಟು ಕುಗ್ಗಿದ್ರೆ ಇವನು ಎಲ್ಲಾ ಮರ್ತುಬಿಡ್ತಾನೆ. ಅದಕ್ಕೇ ನಮ್ಮಿಬ್ಬರ ಕೆಲಸ ಏನಿದ್ರೂ ಅವಳು ಏಳೋದರೊಳಗೆ."

ಇವನು ಎಂದರೆ ಕಂಪ್ಯೂಟರು. ಮೂವತ್ನಾಲ್ಕು ವರ್ಷದ ಹಿಂದೆ ಮಕ್ಕಳು ಆಟ ಆಡಲೆಂದು ಜನ ಮನೆಗೆ ತರುತ್ತಿದ್ದ ಜಾತಿಯದು. ಪರದೆ ಕಪ್ಪು ಬಿಳುಪು, ಕೀಲಿಮಣೆ ಮೈಗೇ ಅಂಟಿಕೊಂಡಿದೆ. ಆ ಪರದೆಯ ಬಲಮೂಲೆಯಲ್ಲಿ ಒಂದು ಅಂಕಿ ಓಡುತ್ತಿರಬೇಕು. ಆದರೆ ಕಾಣುವುದಿಲ್ಲ, ಯಾಕೆಂದರೆ ಯಮೀನಾ ಅದರ ಮೇಲೆ ಗಾಯಕ್ಕೆ ಹಚ್ಚುವ ಪ್ಲಾಸ್ಟರಿನ ತುಂಡೊಂದನ್ನು ಅಂಟಿಸಿದ್ದಾರೆ. ಏನಿದು ಎಂದು ಕೇಳಿದರೆ, "ಗಾಯಾನೇ. ಮೊದಲು ಕಾಫಿ ಕುಡೀರಿ, ಆಮೇಲೆ ಹೇಳ್ತೀನಿ" ಎನ್ನುತ್ತಾರೆ.

ಓರಾನಿನಲ್ಲಿ ಹೆಂಗಸರ ಮದುವೆ ಸಂಭ್ರಮ ನಡೆಯುವುದು ಮಧ್ಯಾಹ್ನ, ಬಾಗಿಲು ಹಾಕಿದ ಸಭಾಂಗಣದಲ್ಲಿ. ಗಂಡಸರಿಗೆ ಒಳಗೆ ಪ್ರವೇಶವಿಲ್ಲ. ಹಾಡುವವರು ಹೆಂಗಸರು, ತಮಟೆ ಬಾರಿಸುವವರು ಹೆಂಗಸರು, ಕುಣಿಯುವವರಂತೂ ಹೆಂಗಸರೇ. ಅಂಥ ಮದುವೆಗಳಲ್ಲಿ ಈ ಊರಿಗೆಲ್ಲ ಹೆಸರಾದ ಹಾಡುಗಾರ್ತಿ ಶೇಖಾ ಝನೂಬಿಯಾ. ಮೇಳದ ಯಜಮಾನಿಯನ್ನು ಇಲ್ಲಿ ಶೇಖಾ ಎನ್ನುತ್ತಾರೆ. ಅವರ ಫೋಟೋ ಕ್ಯಾಸೆಟ್ಟಿನ ಮೇಲೆ ಬಂದಿದೆ, ಆಮೇಲೆ ಸಿ.ಡಿ.ಯ ಮೇಲೂ ಬಂದಿದೆ. ಅವರ ಬೆನ್ನ ಹಿಂದೆ, ಹೂದಾನಿ ಮತ್ತು ಸ್ಪೀಕರಿನ ನಡುವೆ ಕೂತು ಇಡೀ ವಾದ್ಯಮೇಳವನ್ನು ನಡೆಸುವ ಯಮೀನಾರ ಫೋಟೋ ಎಲ್ಲಿಯೂ ಬಂದಿಲ್ಲ. ಒಂದು ಮದುವೆಯ ವಿಡಿಯೋದಲ್ಲಿ ಅವರ ಮೊಣಕೈ ಕಾಣುತ್ತದಂತೆ. ಅದನ್ನು ಅವರೇ ನಗುತ್ತಾ ತೋರಿಸುತ್ತಾರೆ.

ಯಮೀನಾ ಹತ್ತೊಂಬತ್ತನೇ ವಯಸ್ಸಿಗೆ ಬಂದರಿನ ಒಂದು ಹಡಗು ಕಚೇರಿಯಲ್ಲಿ ಟೆಲೆಕ್ಸ್ ಹೊಡೆಯುವ ಕೆಲಸಕ್ಕೆ ಸೇರಿದವರು. ಹತ್ತು ವರ್ಷ ಅದೇ ಕೆಲಸ. ಬೆರಳು ನೋಡದೆ ಹೊಡೆಯುವುದು ಅಲ್ಲಿ ರೂಢಿಯಾಯಿತು. ಆಮೇಲೆ ಟೆಲೆಕ್ಸು ಹೋಯಿತು, ಕೆಲಸವೂ ಹೋಯಿತು. ಅಷ್ಟರಲ್ಲಾಗಲೇ ಹಡಗಿನಲ್ಲಿ ದುಡಿಯುತ್ತಿದ್ದ ತಮ್ಮ ಕದ್ದೂರ್, ಮಾರ್ಸೇಲ್ಸಿನಿಂದ ಈ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ ತಂದಿಟ್ಟಿದ್ದ. ಎರಡು ವರ್ಷ ಅದರಲ್ಲಿ ಕಾರು ಓಡಿಸಿದ, ವಿಮಾನ ಹಾರಿಸಿದ, ಮದುವೆಯಾದ, ಬೇರೆ ಮನೆ ಮಾಡಿದ. ಯಂತ್ರ ಅಕ್ಕನ ಪಾಲಿಗೆ ಉಳಿಯಿತು. ಅದರ ಪಕ್ಕೆಯಲ್ಲಿ ಎರಡು ದುಂಡನೆಯ ತೂತುಗಳಿದ್ದವು. ಏತಕ್ಕೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೆಲಸವಿಲ್ಲದ ಯಮೀನಾ ಜೊತೆಗೆ ಬಂದಿದ್ದ ಫ್ರೆಂಚ್ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಸಿಂಥಸೈಸರಿನ ತಂತಿಯನ್ನು ಆ ತೂತಿಗೆ ಸಿಕ್ಕಿಸಿದರೆ, ಒಮ್ಮೆ ನುಡಿಸಿದ್ದನ್ನು ಕಂಪ್ಯೂಟರು ನೆನಪಿಟ್ಟುಕೊಂಡು ತಾನೇ ನುಡಿಸುತ್ತದೆ ಎಂದು ಅದರಲ್ಲಿ ಬರೆದಿತ್ತು.

"ಇವನೊಳಗೆ ಸದ್ದೇ ಇಲ್ಲ, ಜನ ಅದನ್ನ ನಂಬಲ್ಲ" ಎನ್ನುತ್ತಾರೆ ಯಮೀನಾ. "ಯಾವ ಕೀ, ಯಾವಾಗ, ಎಷ್ಟು ಜೋರಾಗಿ, ಎಷ್ಟು ಹೊತ್ತು. ಇಷ್ಟೇ ಇವನ ಹತ್ರ ಇರೋದು. ನಾನು ಟೆಲೆಕ್ಸ್‌ನಲ್ಲಿ ಹೊಡೀತಿದ್ನಲ್ಲ, ಹಾಗೇ ಇವನು ಸಿಂಥಸೈಸರಿಗೆ ಸುದ್ದಿ ಕಳಿಸ್ತಾನೆ. ಅಲ್ಲಿ ಹಡಗು ಬಂತು ಅಂತ ಕಳಿಸ್ತಿದ್ದೆ, ಇಲ್ಲಿ ಕೊಳಲು ಬಂತು ಅಂತ ಕಳಿಸ್ತೀನಿ."

ಹಳೆಯ ಸಿಂಥಸೈಸರೊಂದನ್ನು ಕೊಂಡು ಯಮೀನಾ ಓಣಿಯ ಮದುವೆಗಳಲ್ಲಿ ನುಡಿಸತೊಡಗಿದರು. ಶುರುವಿನಲ್ಲಿ ಎಲ್ಲ ನೆಟ್ಟಗಿರಲಿಲ್ಲ. ಕಂಪ್ಯೂಟರಿಗೆ ಒಂದು ಚಟ: ತಾಳದ ಪ್ರತಿ ಪೆಟ್ಟನ್ನೂ ಹಿಡಿದೆಳೆದು ಗೆರೆಗೆ ಸರಿಯಾಗಿ ನಿಲ್ಲಿಸುವುದು. ಮೊದಲ ಮದುವೆಯಲ್ಲಿ ಒಬ್ಬರೂ ಕುಣಿಯಲು ಏಳಲಿಲ್ಲ. ಒಬ್ಬ ಮುದುಕಿ ಯಮೀನಾರ ಹತ್ತಿರ ಬಂದು, "ಏನೇ ಇದು, ಸಿಪಾಯಿಗಳು ನಡೆದ ಹಾಗಿದೆ, ನಮ್ಮ ಹುಡುಗಿ ಮದುವೆಯಾಗ್ತಿರೋದು ಪೊಲೀಸ್ ಠಾಣೆಯನ್ನಲ್ಲ" ಎಂದರಂತೆ. ಮರುದಿನವೇ ಯಮೀನಾ ಆ ಚಟ ಬಿಡಿಸಿದರು. ತಾಳವನ್ನೆಲ್ಲ ಬೆರಳಿನಿಂದ ತಾವೇ ನುಡಿಸಿ ತುಂಬಿದರು. ಎಲ್ಲಿ ಕೈ ಕೂದಲೆಳೆಯಷ್ಟು ತಡವಾಯಿತೋ ಆ ತಡವನ್ನೂ ಹಾಗೇ ಬಿಟ್ಟರು. ಸೊಂಟ ಅಲ್ಲಾಡುವುದು ಆ ತಡದಿಂದಲೇ ಎಂಬುದು ಅವರ ಅಭಿಪ್ರಾಯ, ಅದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಝನೂಬಿಯಾರು ಯಮೀನಾರನ್ನು ಹುಡುಕಿಕೊಂಡು ಬಂದದ್ದಕ್ಕೆ ಬೇರೆಯದೇ ಕಾರಣವಿತ್ತು. ಇಲ್ಲಿನ ಮದುವೆಯಲ್ಲಿ ಹಾಡು ಒಂದೇ ಓಟಕ್ಕೆ ಮುಗಿಯುವುದಿಲ್ಲ. ಹಾಡಿನ ನಡುವೆ ಯಾರಾದರೂ ಎದ್ದು ಬಂದು, ಸಾರುವಾಕೆಯ ಕೈಗೆ ನೋಟೊಂದನ್ನಿಟ್ಟು, ಕಿವಿಯಲ್ಲಿ ಹೆಸರು ಹೇಳುತ್ತಾರೆ: ಈ ಹಾಡು ನನ್ನ ತಂಗಿಗೆ, ಇದು ಬೀಗರ ಮನೆಯವರಿಗೆ, ಇದು ನಮ್ಮ ಓಣಿಯ ಹೆಣ್ಣುಮಕ್ಕಳಿಗೆ. ಸಾರುವಾಕೆ ಅದನ್ನು ಮೈಕಿನಲ್ಲಿ ಕೂಗಿ ಹೇಳುವ ತನಕ ಹಾಡು ನಿಲ್ಲಬೇಕು, ತಾಳ ಮಾತ್ರ ಮೆಲ್ಲಗೆ ನಡೆಯುತ್ತಿರಬೇಕು. ಮಾತು ಮುಗಿದ ಕ್ಷಣಕ್ಕೆ ಹಾಡು ಮತ್ತೆ ಎದ್ದು ಬರಬೇಕು. ಝನೂಬಿಯಾರ ಮೇಳದಲ್ಲಿ ಆಗ ಕೀಬೋರ್ಡ್ ನುಡಿಸುತ್ತಿದ್ದವನು ಗಂಡಸು. ಅವನನ್ನು ಬಟ್ಟೆಯ ಪರದೆಯ ಹಿಂದೆ ಕೂರಿಸುತ್ತಿದ್ದರು. ಸಾರುವಾಕೆ ಮಾತು ಮುಗಿಸಿದಳೋ ಉಸಿರು ತೆಗೆದುಕೊಳ್ಳುತ್ತಿದ್ದಾಳೋ ಅವನಿಗೆ ಕಾಣದು. ಪ್ರತಿ ಸಲವೂ ನಡುವೆ ಬಾಯಿ ಹಾಕುತ್ತಿದ್ದ.

"ನನಗೆ ಕೈ ಬೇಕಾಗಿರಲಿಲ್ಲ, ಕಣ್ಣು ಬೇಕಾಗಿತ್ತು" ಎನ್ನುತ್ತಾರೆ ಝನೂಬಿಯಾ. "ಯಮೀನಾ ಕೀಲಿಮಣೆ ನೋಡಲ್ಲ. ಸಾರುವವಳ ಗದ್ದ ನೋಡ್ತಾಳೆ. ಇಂಥವಳು ಸಿಕ್ಕಿದ್ದು ನನ್ನ ಪುಣ್ಯ. ಅವಳ ಮುಂದೆ ಹೇಳಬೇಡಿ, ತಲೆ ಮೇಲೆ ಕೂರ್ತಾಳೆ."

ಹೀಗೆ ಶುರುವಾದದ್ದು ಮೂವತ್ತೊಂದು ವರ್ಷ ನಡೆದಿದೆ. ಯಮೀನಾ ಪ್ರತಿ ಹಾಡನ್ನೂ ತುಂಡು ತುಂಡಾಗಿ ಕಟ್ಟುತ್ತಾರೆ. ತುಂಡುಗಳ ನಡುವೆ ಒಂದೊಂದು ಕಾಯುವ ಸುತ್ತು ಇಡುತ್ತಾರೆ. ಒಂದು ಸುತ್ತಿಗೆ ಒಂಬತ್ತು ಸೆಕೆಂಡು. ಉದ್ದನೆಯ ಕೀಯನ್ನು ಹೆಬ್ಬೆರಳಿನಿಂದ ಒತ್ತುವ ತನಕ ಅದು ತಿರುಗುತ್ತಲೇ ಇರುತ್ತದೆ. ಒತ್ತಿದರೆ ಹಾಡು ಮುಂದಕ್ಕೆ. ಇಪ್ಪತ್ತೆರಡು ಫ್ಲಾಪಿಗಳಲ್ಲಿ ಅರವತ್ತೆರಡು ಹಾಡುಗಳಿವೆ. ಬೇಸಿಗೆಯಲ್ಲಿ ವಾರಕ್ಕೆ ನಾಲ್ಕು ಮದುವೆ, ಒಂದೊಂದರಲ್ಲೂ ಏನಿಲ್ಲವೆಂದರೂ ಮೂವತ್ತು ಸಲ ಹೆಸರು ಸಾರುತ್ತಾರೆ. ಅಂತರ್ಯುದ್ಧದ ಕೆಟ್ಟ ವರ್ಷಗಳಲ್ಲಿ, ಉಗ್ರರು ಹಾಡುವವರನ್ನು ಹುಡುಕಿ ಕೊಲ್ಲುತ್ತಿದ್ದ ಕಾಲದಲ್ಲಿ, ಈ ಮೇಳ ಕಿಟಕಿ ಮುಚ್ಚಿದ ಮನೆಗಳಲ್ಲಿ ಮದುವೆ ನಡೆಸಿತು. ತಮಟೆಗೆ ಮೆಲ್ಲಗೆ ಎಂದರೆ ತಿಳಿಯದು, ಆದರೆ ಯಂತ್ರ ಹೇಳಿದಷ್ಟೇ ಸದ್ದು ಮಾಡುತ್ತಿತ್ತು. ಆಗ ಯಮೀನಾ ಕಂಪ್ಯೂಟರನ್ನು ಹಾಲುಗೂಸಿನ ಹಾಗೆ ರಜಾಯಿಯಲ್ಲಿ ಸುತ್ತಿ ಎದೆಗವಚಿಕೊಂಡು ಬಸ್ಸು ಹತ್ತುತ್ತಿದ್ದರು. ಇವತ್ತಿಗೂ ಟ್ಯಾಕ್ಸಿಯ ಡಿಕ್ಕಿಯಲ್ಲಿ ಇಡಲು ಬಿಡುವುದಿಲ್ಲ, ತೊಡೆಯ ಮೇಲೇ ಇಟ್ಟುಕೊಳ್ಳುತ್ತಾರೆ. ಮದುವೆಯಾಗಲಿಲ್ಲವೇಕೆ ಎಂದು ಕೇಳಿದವರಿಗೆ ಉತ್ತರ ಸಿದ್ಧವಿದೆ: "ವಾರಕ್ಕೆ ನಾಲ್ಕು ಮದುವೆ ಆಗ್ತವೆ ನಂಗೆ. ಸಾಲದಾ?"

ಈಗ ಪ್ಲಾಸ್ಟರಿನ ಮಾತು.

ಈ ಬೇಸಿಗೆಯಲ್ಲಿ ಯಮೀನಾರ ಬಲಗೈ ಹೆಬ್ಬೆರಳ ಗಂಟು ಊದಿಕೊಂಡಿತು. ಅವರು ಒಂದು ಉಪಾಯ ಮಾಡಿದರು. ಒಂದು ತಿಂಗಳು ಪ್ರತಿ ಮದುವೆಯಲ್ಲೂ ಒಬ್ಬೊಬ್ಬರು ಹೆಸರು ಸಾರಿಸಲು ಎಷ್ಟು ಸುತ್ತು ತೆಗೆದುಕೊಳ್ಳುತ್ತಾರೆಂದು, ಪರದೆಯ ಮೂಲೆಯಲ್ಲಿ ಓಡುವ ಸುತ್ತುಗಳ ಎಣಿಕೆ ನೋಡಿ ಬರೆದಿಟ್ಟರು. ಹೆಚ್ಚಿನವರದು ನಾಲ್ಕೈದು. ಏಳನ್ನು ದಾಟಿದವರು ಒಬ್ಬರೂ ಇಲ್ಲ. ಆದ್ದರಿಂದ ಎಂಟು ಸುತ್ತು ಆದ ಮೇಲೆ ಹಾಡು ತಾನಾಗಿಯೇ ಮುಂದಕ್ಕೆ ಹೋಗಲಿ, ಬೆರಳಿಗೆ ಕೊಂಚ ಬಿಡುವು ಸಿಗಲಿ ಎಂದು ಅರವತ್ತೆರಡು ಹಾಡುಗಳಿಗೂ ಹಾಗೆ ಕಟ್ಟುಹಾಕಿದರು.

ಮೂರು ವಾರದ ಹಿಂದೆ ಸಿದಿ ಎಲ್ ಹುವಾರಿ ಕೇರಿಯ ಮೀನುಗಾರರ ಮನೆಯ ಮದುವೆ. ಹುಡುಗಿಯ ಅಜ್ಜಿ, ಹಜ್ ಮಾಡಿಬಂದ ಹಾಜ್ಜಾ ರೆಕಿಯಾ ಎದ್ದು ಬಂದರು. ಎಪ್ಪತ್ತೆಂಟು ವರ್ಷದವರು. ಸಾರುವ ಬಖ್ತಾರ ಕೈಗೆ ನೋಟಿಟ್ಟು, ಕಿವಿಯಲ್ಲಿ ಒಂದೊಂದೇ ಮಾತು ಹೇಳತೊಡಗಿದರು. ಒಂದು ಮಾತು ಹೇಳುವುದು, ನಿಲ್ಲುವುದು, ಕಣ್ಣೊರೆಸಿಕೊಳ್ಳುವುದು. ಬಖ್ತಾ ಅಷ್ಟಷ್ಟನ್ನೇ ಮೈಕಿನಲ್ಲಿ ಹೇಳುತ್ತಿದ್ದರು. "ಈ ಹಾಡು ಕಡಲಿಗೆ ಹೋದವನಿಗೆ, ತಾಯಿ ಇನ್ನೂ ತಟ್ಟೆ ಇಟ್ಟು ಕಾಯ್ತಿರೋ ಮಗನಿಗೆ, ನನ್ನ ಮಗ—" ಎನ್ನುವಷ್ಟರಲ್ಲಿ ಎಂಟನೇ ಸುತ್ತು ಮುಗಿಯಿತು. ತುತ್ತೂರಿ, ತಮಟೆ, ಎಲ್ಲ ಒಟ್ಟಿಗೆ ಗುಡುಗಿದವು. ಹುಡುಗಿಯರು ಉಲುಲು ಎಂದು ಕೂಗಿ ಕುಣಿಯಲು ನುಗ್ಗಿದರು. ಹೆಸರು ಯಾರಿಗೂ ಕೇಳಿಸಲಿಲ್ಲ. ಹಾಜ್ಜಾ ಮೇಲುಹೊದಿಕೆಯನ್ನು ತಲೆಗೆ ಎಳೆದುಕೊಂಡು ಸಭಾಂಗಣದಿಂದ ಹೊರಟುಹೋದರು. ನಡುವೆ ತುಂಡಾದ ಸಾರುವಿಕೆಯನ್ನು ಅದೇ ಮದುವೆಯಲ್ಲಿ ಮತ್ತೆ ಎತ್ತುವ ಪದ್ಧತಿ ಈ ಹೆಂಗಸರಲ್ಲಿಲ್ಲ, ಅಪಶಕುನ ಎನ್ನುತ್ತಾರೆ.

ಅವರ ಮಗ ಮಿಲೂದ್ ಹನ್ನೊಂದು ವರ್ಷದ ಹಿಂದೆ ಸಾರ್ಡೀನ್ ಮೀನು ಹಿಡಿಯಲು ಹೋದವನು ಮರಳಲಿಲ್ಲ. ದೋಣಿಯೂ ಸಿಗಲಿಲ್ಲ, ದೇಹವೂ ಸಿಗಲಿಲ್ಲ. ಹೋಗಿ ಕೂರಲು ಒಂದು ಗೋರಿಯೂ ಇಲ್ಲದ ಮೇಲೆ ತಾಯಿಗೆ ಉಳಿದದ್ದು ನಾಲ್ಕು ಜನರ ಮುಂದೆ ಅವನ ಹೆಸರು ಹೇಳಿಸುವುದೊಂದೇ. ಹನ್ನೊಂದು ವರ್ಷ ಅದನ್ನೂ ಹೇಳಿಸದೆ ಇದ್ದವರು, ಆವತ್ತು ಮೊದಲ ಬಾರಿ ಮನಸ್ಸು ಮಾಡಿ ಎದ್ದಿದ್ದರು.

"ವಯಸ್ಸಾಯ್ತು, ಬೆರಳು ನೋವು ಅಂತ ಹೇಳಬಹುದು. ಹೇಳಿದ್ರೆ ಸುಳ್ಳಾಗುತ್ತೆ" ಎನ್ನುತ್ತಾರೆ ಯಮೀನಾ. "ಜನರ ಮಾತು ಎಷ್ಟುದ್ದ ಇರಬೇಕು ಅಂತ ನಾನು ತೀರ್ಮಾನ ಮಾಡಿದೆ. ಮೂವತ್ತೊಂದು ವರ್ಷ ಮಾಡದೇ ಇದ್ದ ತಪ್ಪು ಅದು."

ಮರುದಿನ ಅವರು ಹಾಜ್ಜಾರ ಮನೆಗೆ ಹೋದರು. ಹಾಜ್ಜಾ ಅಂಗಳದಲ್ಲಿ ಮೀನು ಹೆಚ್ಚುತ್ತಿದ್ದರು. ತಲೆಯೆತ್ತಲಿಲ್ಲ. ಆ ಮಾತುಕತೆಯನ್ನು ಯಮೀನಾ ಒಂದಕ್ಷರ ಬಿಡದೆ ಹೇಳುತ್ತಾರೆ.

"ನಿನ್ನ ಪೆಟ್ಟಿಗೆಗೆ ನನ್ನ ಮಗನ ಹೆಸರು ಉದ್ದ ಆಯ್ತೇನೇ?"

"ಪೆಟ್ಟಿಗೆಗಲ್ಲ ಹಾಜ್ಜಾ. ಅದು ನಾನು ಹೇಳಿದ್ದು ಮಾಡುತ್ತೆ. ಕಾಯದೇ ಇದ್ದವಳು ನಾನು."

"ಹನ್ನೊಂದು ವರ್ಷ ಕಾದಿದ್ದೀನಿ ನಾನು. ನಿನ್ನ ಕೈಲಿ ಎರಡು ನಿಮಿಷ ಆಗಲಿಲ್ಲ."

"ಆಗಲಿಲ್ಲ, ತಾಯಿ."

ಹಾಜ್ಜಾ ಇನ್ನೊಂದು ಮೀನು ಎತ್ತಿಕೊಂಡು ಹೆಚ್ಚಿದರು. ಆಮೇಲೆ ಹೇಳಿದರು: "ಚಿಕ್ಕ ಮೊಮ್ಮಗಳ ಮದುವೆಗೂ ನಿಮ್ಮನ್ನೇ ಗೊತ್ತು ಮಾಡಿದಾರೆ. ಬೇಡ ಅನ್ನಲ್ಲ. ನಾನು ಏಳ್ತೀನೋ ಇಲ್ವೋ, ಅದನ್ನ ಮಾತ್ರ ಕೇಳಬೇಡ."

ಆ ಚಿಕ್ಕ ಮೊಮ್ಮಗಳ ಮದುವೆಯೇ ಇಂದು. ಹಾಜ್ಜಾ ಎದ್ದರೂ ಯಾವ ಹಾಡಿನಲ್ಲಿ ಏಳುತ್ತಾರೋ ತಿಳಿಯದು, ಆದ್ದರಿಂದ ಒಂದೂ ಬಿಡುವ ಹಾಗಿಲ್ಲ. ಹತ್ತೊಂಬತ್ತು ಮುಂಜಾವು ಯಮೀನಾ ಇದೇ ಮೇಜಿನ ಮುಂದೆ ಕೂತು, ಅರವತ್ತೆರಡು ಹಾಡುಗಳನ್ನೂ ಬಿಚ್ಚಿ, ಒಂದೊಂದು ಕಾಯುವ ಸುತ್ತಿನಿಂದಲೂ ಎಂಟರ ಕಟ್ಟನ್ನು ಕಿತ್ತಿದ್ದಾರೆ. ದಿನಕ್ಕೆ ಮೂರು, ಬೆರಳು ಒಪ್ಪಿದರೆ ನಾಲ್ಕು. ಊದಿದ ಹೆಬ್ಬೆರಳಿಗೆ ವಿಶ್ರಾಂತಿ ಕೊಟ್ಟು ಎಡಗೈಯಲ್ಲಿ ಒತ್ತುವುದನ್ನು ರೂಢಿ ಮಾಡಿಕೊಂಡಿದ್ದಾರೆ. ಇದು ಕೊನೆಯ ಫ್ಲಾಪಿ. ಆರೂ ಮುಕ್ಕಾಲಿಗೆ ಯಂತ್ರ ಗೊರಗೊರ ನಿಲ್ಲಿಸುತ್ತದೆ. ಕೆಳಮನೆಯ ಮಷೀನಿಗಿಂತ ಹದಿನೈದು ನಿಮಿಷ ಮೊದಲು.

ಮಧ್ಯಾಹ್ನ ಮೂರೂವರೆಗೆ ಸಭಾಂಗಣ ತುಂಬಿದೆ. ಮದುಮಗಳು ಎರಡನೇ ಉಡುಪಿನಲ್ಲಿ ಬಂದು ಕೂತಿದ್ದಾಳೆ, ಏಳು ಉಡುಪು ಬದಲಿಸುವ ಪದ್ಧತಿಯಂತೆ ಇನ್ನೂ ಐದು ಬಾಕಿ. ಬಾದಾಮಿಯ ಸಿಹಿತಿಂಡಿಯ ತಟ್ಟೆಗಳು ತಲೆಗಳ ಮೇಲಿಂದ ಸಾಗುತ್ತಿವೆ. ಹಾಜ್ಜಾ ರೆಕಿಯಾ ಎರಡನೇ ಸಾಲಿನಲ್ಲಿ ಗೋಡೆಗೆ ಒರಗಿದ್ದಾರೆ. ಹೂದಾನಿಯ ಹಿಂದಿನಿಂದ ಯಮೀನಾ ಅವರತ್ತ ನೋಡುವುದಿಲ್ಲ. ನೋಡಿದರೆ ಕರೆದ ಹಾಗಾಗುತ್ತದೆ ಎನ್ನುತ್ತಾರೆ. ಒಂದು ಹಾಡು ಹೋಯಿತು, ಐದು ಹೋಯಿತು, ಹನ್ನೊಂದು ಹೋಯಿತು. ಬೀಗರಿಗೆ ಸಾರಿದರು, ಸೋದರತ್ತೆಗೆ ಸಾರಿದರು, ಮದುಮಗಳಿಗೆ ಪಾಠ ಹೇಳಿದ ಟೀಚರಿಗೂ ಸಾರಿದರು. ಯಮೀನಾರ ಎಡ ಹೆಬ್ಬೆರಳು ಏರಿ ಇಳಿಯುತ್ತಿದೆ. ಹಾಜ್ಜಾ ಏಳುವುದಿಲ್ಲ.

ಮದುಮಗಳ ಆರನೇ ಉಡುಪಿಗೆ ಹಾಜ್ಜಾ ಎದ್ದರು.

ಯಾರ ಕೈಯನ್ನೂ ಹಿಡಿಯದೆ ನಡೆದು ಬಂದು ಬಖ್ತಾರ ಪಕ್ಕ ನಿಲ್ಲುತ್ತಾರೆ. ತುತ್ತೂರಿ ಅಡಗುತ್ತದೆ, ಕಾಯುವ ಸುತ್ತು ಶುರುವಾಗುತ್ತದೆ. ಹಾಜ್ಜಾ ಕಿವಿಯಲ್ಲಿ ಹೇಳುತ್ತಾರೆ, ಬಖ್ತಾ ಮೈಕಿನಲ್ಲಿ ಹೇಳುತ್ತಾರೆ.

"ಈ ಹಾಡು ಕಡಲಿಗೆ ಹೋದವನಿಗೆ. ನನ್ನ ಮಗ ಮಿಲೂದ್‌ಗೆ."

ಮಾತು ಮುಗಿಯಿತೆಂದುಕೊಂಡು ಝನೂಬಿಯಾ ಹಿಂದಕ್ಕೆ ತಿರುಗಿ ಬೆರಳು ಸುತ್ತಿ ತೋರಿಸುತ್ತಾರೆ: ಹಾಡು ಎತ್ತು. ಯಮೀನಾ ಒತ್ತುವುದಿಲ್ಲ. ಬಖ್ತಾರ ಗದ್ದ ಇಳಿದಿದೆ ನಿಜ, ಆದರೆ ಹಾಜ್ಜಾರ ಕೈ ಇನ್ನೂ ಬಖ್ತಾರ ತೋಳಿನ ಮೇಲಿದೆ. ತಾಳ ಮೆಲ್ಲಗೆ ಸುತ್ತುತ್ತಿದೆ. ಝನೂಬಿಯಾ ಹುಬ್ಬು ಗಂಟಿಕ್ಕಿ ಮತ್ತೆ ಬೆರಳು ಸುತ್ತುತ್ತಾರೆ. ಯಮೀನಾ ಇಲ್ಲವೆಂದು ತಲೆಯಾಡಿಸುತ್ತಾರೆ. ಮೂವತ್ತೊಂದು ವರ್ಷದಲ್ಲಿ ಅವರು ಶೇಖಾರ ಮಾತು ಮೀರಿದ್ದು ಇದೇ ಮೊದಲು.

ಹಾಜ್ಜಾ ಮತ್ತೆ ಬಖ್ತಾರ ಕಿವಿಗೆ ಬಾಗುತ್ತಾರೆ.

"ಅವನ ಜೊತೆ ದೋಣಿಯಲ್ಲಿದ್ದ ಅಬ್ಬಾಸ್‌ಗೆ. ಅವನ ತಾಯಿ ಇಲ್ಲೇ ಕೂತಿದಾಳೆ."

ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು. ತಾಳ ಸುತ್ತುತ್ತಿದೆ. ಹಾಜ್ಜಾ ಉಸಿರೆಳೆದುಕೊಂಡರು.

"ಅಬ್ಬಾಸನ ಅಣ್ಣ ಜಲ್ಲೂಲ್‌ಗೆ."

"ನಮ್ಮ ಓಣಿಯ ಮುರಾದ್‌ಗೆ. ಆಗ ಅವನಿಗೆ ಹತ್ತೊಂಬತ್ತು."

ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಹಾಜ್ಜಾರ ತುಟಿ ಅಲುಗುತ್ತಿದೆ, ಹೆಸರು ಬರುತ್ತಿಲ್ಲ. ಮರೆತುಹೋಗಿದೆ. ತಿಂಡಿ ತಟ್ಟೆ ಹಿಡಿದವಳು ಹಿಡಿದಲ್ಲೇ ನಿಂತಿದ್ದಾಳೆ. ಮೂವತ್ನಾಲ್ಕು ವರ್ಷದ ಪೆಟ್ಟಿಗೆ ಒಂಬತ್ತು ಒಂಬತ್ತು ಸೆಕೆಂಡು ಅದೇ ನಾಲ್ಕು ಪೆಟ್ಟುಗಳನ್ನು, ಮೂವತ್ತೊಂದು ವರ್ಷದ ಹಿಂದೆ ಬೆರಳು ತಡಮಾಡಿದಲ್ಲೇ ತಡಮಾಡುತ್ತಾ, ನುಡಿಸುತ್ತಲೇ ಇದೆ. ಯಮೀನಾರ ಕಣ್ಣಿಂದ ನೀರು ಇಳಿಯುತ್ತಿದೆ, ಒರೆಸಿಕೊಳ್ಳಲು ಅವರು ಕೈ ತೆಗೆಯುವುದಿಲ್ಲ.

"ದೋಣಿಯ ಯಜಮಾನ ಬೂಜಿದ್‌ಗೆ" ಎಂದರು ಹಾಜ್ಜಾ. ಈ ಸಲ ಕಿವಿಯಲ್ಲಲ್ಲ, ತಾವೇ, ಮೈಕಿಗೆ. "ಐದೂ ಜನ ಆಯ್ತು."

ಮೇಲುಹೊದಿಕೆಯನ್ನು ಭುಜದ ಮೇಲೆ ಸರಿಮಾಡಿಕೊಂಡು, ಹೂದಾನಿಯ ಹಿಂದಕ್ಕೆ ನೋಡಿ ತಲೆಯಾಡಿಸಿದರು. ಯಮೀನಾ ಒತ್ತಿದರು. ತುತ್ತೂರಿ, ತಮಟೆ, ಕೊಳಲು ಎಲ್ಲವೂ ಒಟ್ಟಿಗೆ ಎದ್ದವು. ಮೊದಲು ಕುಣಿಯಲು ಎದ್ದವರು ಅಬ್ಬಾಸ್ ಮತ್ತು ಜಲ್ಲೂಲರ ತಾಯಿ.

ಸಂಜೆ ಆರಕ್ಕೆ ಬಾಗಿಲು ತೆರೆದಾಗ ಯಮೀನಾ ತಂತಿ ಸುತ್ತುತ್ತಿದ್ದಾರೆ. ಝನೂಬಿಯಾ ಚಪ್ಪಲಿ ಕಳಚಿ ಕುರ್ಚಿಯಲ್ಲಿ ಕುಸಿದಿದ್ದಾರೆ. "ನಾಲ್ಕು ನಿಮಿಷಕ್ಕೂ ಮೇಲೆ ನಿಲ್ಲಿಸಿದೆಯಲ್ಲೇ ನನ್ನ. ಕಾಲು ಸೋತುಹೋಯ್ತು" ಎಂದು ಬೈಯುತ್ತಾರೆ, ಬೈಯುತ್ತಲೇ ತಮ್ಮ ಪಾಲಿನ ಸಿಹಿತಿಂಡಿಯ ಪೊಟ್ಟಣವನ್ನು ಯಮೀನಾರ ಚೀಲಕ್ಕೆ ತುರುಕುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಯಮೀನಾ ಯೋಚಿಸುವುದೇ ಇಲ್ಲ. "ಫ್ಲಾಪಿ ಓದೋ ಭಾಗ ಇನ್ನೊಂದು ಸಿಗಬೇಕು. ಇದು ಹೋದ್ರೆ ಬೇರೆ ಇಲ್ಲ. ಸಿಕ್ಕಿದ್ರೆ ಇನ್ನು ಹತ್ತು ಬೇಸಿಗೆ ಮಾಡ್ತೀನಿ. ಬೆರಳು ಬಲಗೈಯಲ್ಲಿ ಐದಿವೆ, ಎಡಗೈಯಲ್ಲಿ ಐದಿವೆ."

ಕಂಪ್ಯೂಟರನ್ನು ರಜಾಯಿಯಲ್ಲಿ ಸುತ್ತುವಾಗ ಹಾಜ್ಜಾ ರೆಕಿಯಾ ಮೊಮ್ಮಗಳ ತೋಳು ಹಿಡಿದು ಹತ್ತಿರ ಬರುತ್ತಾರೆ. ಪರದೆಯ ಮೂಲೆಯ ಪ್ಲಾಸ್ಟರನ್ನು ಒಂದು ಕ್ಷಣ ನೋಡುತ್ತಾರೆ. ಅದೇನೆಂದು ಕೇಳುವುದಿಲ್ಲ.

"ತುಂಬ ಹೊತ್ತು ಕಾಯಿಸಿಬಿಟ್ಟೆನಾ, ಮಗಳೇ?"

"ಗೊತ್ತಿಲ್ಲ ಹಾಜ್ಜಾ," ಎನ್ನುತ್ತಾರೆ ಯಮೀನಾ, ರಜಾಯಿಯ ತುದಿ ಒಳಕ್ಕೆ ಮಡಚುತ್ತಾ. "ಎಣಿಸೋದು ಬಿಟ್ಟಿದ್ದೀನಿ."